ಅಮ್ಮನ ಬಳೆ ಕೊಟ್ಟು ಹೊಸ ಸರ ತರುವ ಮುಂಚೆ: ಹಳೆ ಚಿನ್ನದ ಎಕ್ಸ್‌ಚೇಂಜ್ ಲೆಕ್ಕ

ಅಮ್ಮನ ಹತ್ತಿರ ಎರಡು ಬಳೆ ಇದ್ದವು. 1986ರಲ್ಲಿ ಅವರ ಮದುವೆಗೆ ಅಜ್ಜ ಊರಿನ ಅಕ್ಕಸಾಲಿಗರ ಹತ್ತಿರ ಮಾಡಿಸಿಕೊಟ್ಟದ್ದು. ಒಂದರ ತಿರುಪು ಸವೆದು ಹೋಗಿತ್ತು. ಇನ್ನೊಂದು ಒಂದು ಕಡೆ ಜಜ್ಜಿತ್ತು. ಇಪ್ಪತ್ತು ವರ್ಷ ಗುಲಾಬಿ ಕಾಗದದಲ್ಲಿ ಸುತ್ತಿ ಬೀರುವಿನಲ್ಲೇ ಇತ್ತು. ಮೊಮ್ಮಗಳ ಮದುವೆ ಗೊತ್ತಾದಾಗ ಅಮ್ಮ ಹೇಳಿದರು, "ಇದನ್ನ ಹಾಕಿ ಅವಳಿಗೊಂದು ಸರ ತಗೊಳ್ಳೋಣ."

ಅಂಗಡಿಯಲ್ಲಿ ಬಳೆಗಳನ್ನು ತಕ್ಕಡಿಗೆ ಇಟ್ಟರು. 22.400 ಗ್ರಾಂ. ಹುಡುಗ ಒಳಗೆ ಹೋಗಿ ಒಂದು ಚೀಟಿ ಹಿಡಿದು ಬಂದ. ಕ್ಯಾಲ್ಕ್ಯುಲೇಟರ್ ಒತ್ತಿ, ಪರದೆಯನ್ನು ನಮ್ಮ ಕಡೆ ತಿರುಗಿಸಿದ. ಅಮ್ಮ ಅದನ್ನು ನೋಡಿ "ಇಷ್ಟೇನಾ?" ಅಂದರು. ಅವನು ನಗುತ್ತಾ "ಹಳೇದಲ್ವಾ ಅಮ್ಮಾ" ಅಂದ. ಆ ಸಂಖ್ಯೆ ಹೇಗೆ ಬಂತು ಅಂತ ಕಾಗದದ ಮೇಲೆ ಬರೆದು ತೋರಿಸಿ ಅಂತ ಕೇಳಿದೆ. ಬರೆದ. ಆಗಲೂ ನನಗೆ ಪೂರ್ತಿ ಅರ್ಥ ಆಗಲಿಲ್ಲ. ಬಳೆ ವಾಪಸ್ ತಗೊಂಡು ಮನೆಗೆ ಬಂದೆವು. ಆ ರಾತ್ರಿ ಕೂತು ಲೆಕ್ಕ ಬಿಡಿಸಿದಾಗ ಗೊತ್ತಾಯಿತು, ಒಂದೇ ಕಳೆಯುವ ಲೆಕ್ಕವನ್ನು ಎರಡು ಸಲ ಮಾಡಿದ್ದರು.

ಆಮೇಲೆ ನಾನು ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಹಳೆ ಚಿನ್ನ ಹಾಕಿ ಹೊಸದು ತರುವುದು ನಮ್ಮ ಮನೆಗಳಲ್ಲಿ ಮದುವೆಗೊಮ್ಮೆ, ನಾಮಕರಣಕ್ಕೊಮ್ಮೆ ನಡೆಯುವ ವ್ಯವಹಾರ. ಇಷ್ಟು ದೊಡ್ಡ ಮೊತ್ತದ್ದು, ಇಷ್ಟು ಕಡಿಮೆ ಪ್ರಶ್ನೆ ಕೇಳಿ ಮುಗಿಸುವ ವ್ಯವಹಾರ ಇನ್ನೊಂದಿಲ್ಲ ಅಂತ ನನಗನಿಸುತ್ತದೆ.

ಒಂದೇ ಮೇಜಿನ ಮೇಲೆ ಎರಡು ವ್ಯಾಪಾರ

ನಾವು ಚಿಕ್ಕವರಿದ್ದಾಗ ಮಧ್ಯಾಹ್ನದ ಹೊತ್ತು ಬುಟ್ಟಿ ಹೊತ್ತ ಹೆಂಗಸರು ಬರುತ್ತಿದ್ದರು. ಹಳೆ ಸೀರೆ, ಪ್ಯಾಂಟು ಕೊಟ್ಟರೆ ಸ್ಟೀಲ್ ಪಾತ್ರೆ. ಅಜ್ಜಿ ಜಗಲಿಯಲ್ಲಿ ಕೂತು ಅರ್ಧ ಗಂಟೆ ಚೌಕಾಸಿ ಮಾಡುತ್ತಿದ್ದರು. "ಜರಿ ನೋಡು, ಇನ್ನೊಂದು ಡಬರಿ ಇಡು." ಅಲ್ಲಿ ಎಲ್ಲ ಕಣ್ಣೆದುರಿಗಿತ್ತು. ಈ ಸೀರೆಗೆ ಈ ಡಬರಿ. ಒಪ್ಪಿಗೆ ಆದರೆ ಸರಿ, ಇಲ್ಲದಿದ್ದರೆ ಸೀರೆ ವಾಪಸ್.

ಚಿನ್ನದ ಅಂಗಡಿಯಲ್ಲಿ ಹಾಗಲ್ಲ. ಅಲ್ಲಿ ನೀವು ಹಳೆ ಚಿನ್ನ ಮಾರುತ್ತೀರಿ, ಹೊಸ ಒಡವೆ ಕೊಳ್ಳುತ್ತೀರಿ. ಎರಡಕ್ಕೂ ಬೇರೆ ಬೇರೆ ಲೆಕ್ಕ. ಆದರೆ ಕೊನೆಗೆ ನಿಮ್ಮ ಕೈಗೆ ಬರುವುದು ಒಂದೇ ಸಂಖ್ಯೆ: "ಮೇಲೆ ಇಷ್ಟು ಕೊಡಿ ಸಾಕು." ಆ ಒಂದು ಸಂಖ್ಯೆಯೊಳಗೆ ಹಳೆಯದರ ಬೆಲೆ ಎಷ್ಟು ಇಳಿಯಿತು, ಹೊಸದರ ಬೆಲೆ ಎಷ್ಟು ಏರಿತು ಅಂತ ಕಾಣುವುದೇ ಇಲ್ಲ. "ಹಳೆ ಚಿನ್ನಕ್ಕೆ ಗ್ರಾಂಗೆ ಇಷ್ಟು ಜಾಸ್ತಿ ಕೊಡ್ತೀವಿ" ಅಂತ ಬೋರ್ಡು ಹಾಕಿ, ಹೊಸ ಸರದ ಮಜೂರಿಯಲ್ಲಿ ಅದನ್ನು ವಾಪಸ್ ತಗೊಳ್ಳುವುದು ಕಷ್ಟವೇನಲ್ಲ.

ಅದಕ್ಕೇ ಹೊಸ ಸರದ ಟ್ರೇ ಹೊರಗೆ ಬರುವ ಮುಂಚೆ ಹಳೆಯದರ ಲೆಕ್ಕ ಮುಗಿಯಬೇಕು. ಮನಸ್ಸು ಒಂದು ಡಿಸೈನಿನ ಮೇಲೆ ಕೂತುಬಿಟ್ಟರೆ ಆಮೇಲೆ ಯಾರೂ ಎದ್ದು ಬರುವುದಿಲ್ಲ. ನಾವೂ ಬರುತ್ತಿರಲಿಲ್ಲ. ಅಮ್ಮನಿಗೆ ಆವತ್ತು ಯಾವ ಸರವೂ ಇಷ್ಟವಾಗಿರಲಿಲ್ಲ, ಅದೊಂದು ಅದೃಷ್ಟ.

ತೂಕ ಅಂದರೆ ಯಾವ ತೂಕ?

ತಕ್ಕಡಿ ತೋರಿಸುವ ತೂಕ ಒಡವೆಯ ತೂಕ. ಅದೆಲ್ಲ ಚಿನ್ನ ಆಗಿರುವುದಿಲ್ಲ.

ಹಳೆಯ ಜುಮುಕಿ, ಗುಂಡಿನ ಸರ, ಟೊಳ್ಳು ಬಳೆ, ಇವುಗಳ ಹೊಟ್ಟೆಯೊಳಗೆ ಅರಗು ತುಂಬಿರುತ್ತಾರೆ. ತೆಳು ತಗಡು ನಜ್ಜಾಗದಿರಲಿ ಅಂತ. ಕರಿಮಣಿ ಸರದಲ್ಲಿ ಮಣಿ, ದಾರ. ಕೆಂಪಿನ ಓಲೆಯಲ್ಲಿ ಕಲ್ಲು, ಕಲ್ಲಿನ ಕೆಳಗೂ ಅರಗು. ಮಾರುವಾಗ ಇವೆಲ್ಲ ಕಳೆಯುತ್ತಾರೆ, ಕಳೆಯಲೇಬೇಕು. ಅದು ನ್ಯಾಯ. ಆದರೆ ಅದೇ ನ್ಯಾಯ ಕೊಳ್ಳುವಾಗಲೂ ಇರಬೇಕು ಅಲ್ವಾ? ಹೊಸ ಒಡವೆಯಲ್ಲಿ ಕಲ್ಲಿನ ತೂಕವನ್ನೂ ಚಿನ್ನದ ದರಕ್ಕೆ ಹಾಕಿಬಿಟ್ಟರೆ, ಐದು ವರ್ಷದ ನಂತರ ಅದನ್ನೇ ಎಕ್ಸ್‌ಚೇಂಜ್‌ಗೆ ತಂದಾಗ ಆ ಕಲ್ಲು ಕಸ. ಶುದ್ಧತೆಯ ಮುದ್ರೆಯಾದ ಹಾಲ್‌ಮಾರ್ಕ್ ಇರುವ ಒಡವೆಯ ಬಿಲ್‌ನಲ್ಲಿ ಚಿನ್ನದ ನಿವ್ವಳ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಬೇರೆ ಬೇರೆಯಾಗಿ ಬರೆದಿರಬೇಕು ಅಂತ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್, ಹೇಳುತ್ತದೆ. ಆ "ನಿವ್ವಳ" ಅನ್ನುವ ಪದ ಬಿಲ್‌ನಲ್ಲಿ ಇದೆಯಾ ನೋಡಿ.

ಇನ್ನೊಂದು ಕೆಲಸ ಮನೆಯಲ್ಲೇ ಮಾಡಿ. ಅಂಗಡಿಗೆ ಹೋಗುವ ಮುಂಚೆ ಕರಿಮಣಿಯನ್ನು ದಾರದಿಂದ ಬಿಡಿಸಿ, ಚಿನ್ನದ ಗುಂಡು ಬೇರೆ ಮಾಡಿ ತೂಕ ಹಾಕಿಸಿ. ಆ ಮೇಜಿನ ಮೇಲೆ ಕತ್ತರಿ ಹಾಕಿ ಬಿಡಿಸುವಾಗ ಒಂದೆರಡು ಸಣ್ಣ ಗುಂಡು ಉರುಳಿ ಹೋದರೆ ಹುಡುಕುವವರು ಯಾರು?

ಹಳೆ ಚಿನ್ನ ಯಾಕೆ 22 ಕ್ಯಾರೆಟ್ ಬರುವುದಿಲ್ಲ?

24 ಕ್ಯಾರೆಟ್ ಅಂದರೆ ಅಪ್ಪಟ ಚಿನ್ನ. 24ರಲ್ಲಿ 22 ಭಾಗ ಚಿನ್ನ, 2 ಭಾಗ ತಾಮ್ರ-ಬೆಳ್ಳಿ ಇದ್ದರೆ 22 ಕ್ಯಾರೆಟ್. ಅದೇ ಸಾವಿರಕ್ಕೆ 916. ಅಪ್ಪಟ ಚಿನ್ನ ಮೆತ್ತಗೆ, ಒಡವೆಗೆ ನಿಲ್ಲುವುದಿಲ್ಲ. ಅದಕ್ಕೇ ಬೇರೆ ಲೋಹ ಸೇರಿಸುತ್ತಾರೆ.

ಅಂಗಡಿಯ ಚೀಟಿಯಲ್ಲಿ ನಮ್ಮ ಬಳೆ 88 ಬಂತು. ಅಂದರೆ ನೂರು ಭಾಗದಲ್ಲಿ 88 ಭಾಗ ಮಾತ್ರ ಚಿನ್ನ. ಅಮ್ಮನಿಗೆ ತುಂಬ ಬೇಜಾರಾಯಿತು. "ಅಪ್ಪನಿಗೆ ಮೋಸ ಮಾಡಿದ್ರಾ?" ಅಂತ ಕೇಳಿದರು. ಹಾಗೇ ಅಂತ ಹೇಳಲು ಆಗುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತುಂಬಾ ಮನೆಗಳಲ್ಲಿ ಸತ್ತು ಹೋದ ಅಕ್ಕಸಾಲಿಗರ ಮೇಲೆ ಸುಮ್ನೆ ಅಪವಾದ ಬರುತ್ತದೆ.

ಒಡವೆಯ ತುಂಡುಗಳನ್ನು ಜೋಡಿಸಲು ಬೆಸುಗೆ ಬೇಕು. ಬೆಸುಗೆ ಒಡವೆಗಿಂತ ಮುಂಚೆ ಕರಗಬೇಕು, ಇಲ್ಲದಿದ್ದರೆ ಬೆಸೆಯಲು ಹೋಗಿ ಒಡವೆಯೇ ಕರಗುತ್ತದೆ. ಹಾಗಾಗಿ ಹಿಂದಿನವರು ಬೆಸುಗೆಗೆ ತಾಮ್ರ, ಬೆಳ್ಳಿ ಜಾಸ್ತಿ ಹಾಕುತ್ತಿದ್ದರು. ತಗಡು 22 ಕ್ಯಾರೆಟ್ ಇದ್ದರೂ ಬೆಸುಗೆ ಅದಕ್ಕಿಂತ ತುಂಬಾ ಕಡಿಮೆ. ಒಂದು ಸರಳ ಉಂಗುರದಲ್ಲಿ ಒಂದೇ ಬೆಸುಗೆ. ಆದರೆ ಕೊಂಡಿ ಕೊಂಡಿ ಸೇರಿಸಿದ ಸರದಲ್ಲಿ, ಸಣ್ಣ ಸಣ್ಣ ಚಿನ್ನದ ಮಣಿ ಬೆಸೆದ ಜುಮುಕಿಯಲ್ಲಿ ಎಷ್ಟು ಬೆಸುಗೆ ಇರುತ್ತದೆ ಯೋಚಿಸಿ. ಎಲ್ಲ ಒಟ್ಟಿಗೆ ಕರಗಿಸಿದಾಗ ಸರಾಸರಿ ಇಳಿಯುತ್ತದೆ. ಕೆಲಸ ಸೂಕ್ಷ್ಮವಾದಷ್ಟೂ ಹಳೆ ಒಡವೆಯ ಶುದ್ಧತೆ ಕಡಿಮೆ ಬರಲು ಇದೂ ಒಂದು ಕಾರಣ.

ಆಮೇಲೆ ಕೆಡಿಎಂ ಬಂತು. ತುಂಬಾ ಜನ ಕೆಡಿಎಂ ಅಂದರೆ ಒಂದು ಬಗೆಯ ಚಿನ್ನ ಅಂದುಕೊಂಡಿದ್ದಾರೆ. ಅದು ಬೆಸುಗೆಯ ಹೆಸರು. ಚಿನ್ನಕ್ಕೆ ಸ್ವಲ್ಪ ಕ್ಯಾಡ್ಮಿಯಂ ಸೇರಿಸಿದರೆ ಬೇಗ ಕರಗುತ್ತದೆ, ಬೆಸುಗೆಯಲ್ಲೂ ಚಿನ್ನದ ಪಾಲು ಶೇ 92ರಷ್ಟು ಇಡಬಹುದು. ಹಾಗಾಗಿ ಕೆಡಿಎಂ ಒಡವೆ ಕರಗಿಸಿದರೂ 22 ಕ್ಯಾರೆಟ್ ಹತ್ತಿರವೇ ಉಳಿಯುತ್ತಿತ್ತು. ಕೊಳ್ಳುವವರಿಗೆ ಒಳ್ಳೆಯದಾಯಿತು, ಮಾಡುವವರಿಗೆ ಕೆಟ್ಟದಾಯಿತು. ಕ್ಯಾಡ್ಮಿಯಂ ಹೊಗೆ ಶ್ವಾಸಕೋಶ, ಮೂತ್ರಪಿಂಡ ಹಾಳು ಮಾಡುತ್ತದೆ. ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಕೂತು ಊದುಗೊಳವೆ ಊದುತ್ತಿದ್ದವರು ಅದನ್ನು ಉಸಿರಾಡುತ್ತಿದ್ದರು. ನಮ್ಮ ಒಡವೆಯ ಹೊಳಪಿಗೆ ಯಾರೋ ಒಬ್ಬರ ಉಸಿರು ಹೋಗಿದೆ ಅನ್ನುವುದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಈಗ ಹಾಲ್‌ಮಾರ್ಕ್ ಒಡವೆಗೆ ಕ್ಯಾಡ್ಮಿಯಂ ಬದಲು ಸತು ಮೊದಲಾದ ಲೋಹಗಳ ಬೆಸುಗೆ ಬಳಸುತ್ತಾರೆ.

ಇನ್ನೂ ಹಳೆಯ ಕಾರಣವೊಂದಿದೆ. 1963ರಲ್ಲಿ ಕೇಂದ್ರ ಸರ್ಕಾರ ಚಿನ್ನ ನಿಯಂತ್ರಣ ನಿಯಮ ತಂದು, 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧತೆಯ ಒಡವೆ ಮಾಡುವುದನ್ನೇ ನಿಷೇಧಿಸಿತು. ಮೊರಾರ್ಜಿ ದೇಸಾಯಿ ಆಗ ಹಣಕಾಸು ಸಚಿವರು. 14 ಕ್ಯಾರೆಟ್ ನಿಯಮ ಕೆಲವೇ ವರ್ಷದಲ್ಲಿ ಹೋಯಿತು. 1968ರ ಚಿನ್ನ ನಿಯಂತ್ರಣ ಕಾಯ್ದೆ ರದ್ದಾದದ್ದು 1990ರಲ್ಲಿ. ನಿಮ್ಮ ಅಜ್ಜಿಯ ಮದುವೆ ಆ ಕಾಲದಲ್ಲಿ ಆಗಿದ್ದರೆ, ಅವರ ಒಡವೆ ಕಡಿಮೆ ಕ್ಯಾರೆಟ್ ಬಂದರೆ ಆಶ್ಚರ್ಯ ಪಡಬೇಡಿ.

ಒರೆಗಲ್ಲಿನಿಂದ ಯಂತ್ರದವರೆಗೆ

ಶುದ್ಧತೆ ನೋಡಲು ಹಿಂದೆ ಒರೆಗಲ್ಲು. ಕಪ್ಪು ಕಲ್ಲಿನ ಮೇಲೆ ಚಿನ್ನ ಉಜ್ಜಿ, ಗೆರೆಯ ಮೇಲೆ ಆಮ್ಲ ಹಾಕಿ, ಬಣ್ಣ ನೋಡಿ ಹೇಳುತ್ತಿದ್ದರು. ಪಳಗಿದ ಕಣ್ಣಿಗೆ ಹತ್ತಿರದ ಅಂದಾಜು ಸಿಗುತ್ತದೆ. ಆದರೆ 88ಕ್ಕೂ 89ಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಎರಡು ಲಕ್ಷದ ಒಡವೆಯಲ್ಲಿ ಆ ಒಂದು ಅಂಕಿಗೆ ಎರಡು ಸಾವಿರಕ್ಕೂ ಮೇಲೆ ಬೆಲೆ.

ಈಗ ಅಂಗಡಿಗಳಲ್ಲಿ ಇರುವುದು ಕ್ಯಾರೆಟ್ ಮೀಟರ್. ಎಕ್ಸ್‌ ಕಿರಣ ಬಿಟ್ಟು, ವಾಪಸ್ ಬರುವ ಕಿರಣದಿಂದ ಯಾವ ಲೋಹ ಎಷ್ಟಿದೆ ಅಂತ ಓದುತ್ತದೆ. ಒಂದು ನಿಮಿಷದಲ್ಲಿ ಚೀಟಿ ಬರುತ್ತದೆ: ಚಿನ್ನ ಇಷ್ಟು, ಬೆಳ್ಳಿ ಇಷ್ಟು, ತಾಮ್ರ ಇಷ್ಟು. ಒಳ್ಳೆಯ ಯಂತ್ರ. ಆದರೆ ಅದು ನೋಡುವುದು ಮೇಲ್ಮೈಯ ಕೆಲವು ಮೈಕ್ರಾನ್ ಮಾತ್ರ. ಒಡವೆಗೆ ಚಿನ್ನದ ಮುಲಾಮು, ಅಂದರೆ ತೆಳು ಲೇಪ, ಹಾಕಿದ್ದರೆ ಜಾಸ್ತಿ ತೋರಿಸಬಹುದು. ಬೆಸುಗೆಯ ಜಾಗದಲ್ಲೇ ಇಟ್ಟರೆ ಕಡಿಮೆ ತೋರಿಸಬಹುದು. ಒಂದೇ ಬಳೆಯನ್ನು ಮೂರು ಜಾಗದಲ್ಲಿ ಇಟ್ಟರೆ ಮೂರು ಸಂಖ್ಯೆ ಬರುವುದನ್ನು ನಾನೇ ನೋಡಿದ್ದೇನೆ.

ಅದಕ್ಕೇ ಕರಗಿಸುವುದು. ಒಡವೆಯನ್ನು ಮೂಸೆಗೆ ಹಾಕಿ, ಬಿಳಿಗಾರ ಸೇರಿಸಿ, ಕಾಯಿಸುತ್ತಾರೆ. ಅಪ್ಪಟ ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಅರಗು, ಕೊಳೆ, ಎಣ್ಣೆ ಎಲ್ಲ ಅದಕ್ಕಿಂತ ಎಷ್ಟೋ ಮುಂಚೆ ಉರಿದು ಹೋಗುತ್ತದೆ. ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಅದೂ ಹೊಗೆಯಾಗಿ ಹೋಗುತ್ತದೆ. ಉಳಿದದ್ದು ಒಂದು ಪುಟ್ಟ ಗಟ್ಟಿ. ಬೆಸುಗೆ, ತಗಡು ಎಲ್ಲ ಬೆರೆತು ಹೋಗಿರುವುದರಿಂದ ಈಗ ಯಂತ್ರ ಓದುವ ಸಂಖ್ಯೆ ನಿಜಕ್ಕೆ ಹತ್ತಿರ.

ಇಲ್ಲಿ ಒಂದು ಮಾತು ಗಮನವಿಟ್ಟು ಓದಿ. ಕರಗಿಸಿದಾಗ ತೂಕ ಇಳಿಯುತ್ತದೆ. ಇಳಿಯುವುದು ಕಸ, ಚಿನ್ನ ಅಲ್ಲ. ಚಿನ್ನ ಕುದಿಯಲು 2,800 ಡಿಗ್ರಿಗಿಂತ ಮೇಲೆ ಬೇಕು, ಅಂಗಡಿಯ ಕುಲುಮೆಯಲ್ಲಿ ಅದು ಆವಿಯಾಗಿ ಹೋಗುವುದಿಲ್ಲ. ಕಸ ಹೋದ ಮೇಲೆ ಉಳಿದದ್ದರ ಶುದ್ಧತೆ ಏರಬೇಕು. ಹಾಗಾಗಿ ತೂಕವೂ ಶುದ್ಧತೆಯೂ ಒಂದೇ ಹೊತ್ತಿನದ್ದು ಇರಬೇಕು. ಕರಗಿಸಿದ ಮೇಲಿನ ತೂಕ ತಗೊಂಡು, ಕರಗಿಸುವ ಮುಂಚಿನ ಶುದ್ಧತೆಗೆ ಗುಣಿಸಿದರೆ ನಿಮಗೆ ನಷ್ಟ. ಮೂಸೆಯ ತಳಕ್ಕೆ ಚಿನ್ನದ ಹನಿ ಅಂಟಿ ಉಳಿಯುವುದೂ ಉಂಟು. ಗಟ್ಟಿ ತೆಗೆದ ಮೇಲೆ ಮೂಸೆಯೊಳಗೆ ಒಮ್ಮೆ ಇಣುಕಿ ನೋಡುವುದರಲ್ಲಿ ನಾಚಿಕೆ ಏನೂ ಇಲ್ಲ.

ಕರಗಿಸಿದ ಮೇಲೆ ವಾಪಸ್ ಬರುವ ದಾರಿ ಇಲ್ಲ, ಅದೂ ನಿಜ. ಬಳೆ ಬಳೆಯಾಗಿರುವಾಗ ಮಾತ್ರ "ಬೇಡ, ನಾನು ಬರ್ತೀನಿ" ಅನ್ನಬಹುದು. ಹಾಗಾಗಿ ಕರಗಿಸುವ ಮುಂಚೆಯೇ ಮೂರು ಪ್ರಶ್ನೆ ಕೇಳಿಬಿಡಿ. ಹಳೆ ಚಿನ್ನಕ್ಕೆ ಇವತ್ತಿನ ದರ ಎಷ್ಟು? ಅದರ ಮೇಲೆ ಮತ್ತೇನಾದರೂ ಶೇಕಡಾ ಕಳೆಯುತ್ತೀರಾ? ಶುದ್ಧತೆಯನ್ನು ಯಾವ ದರಕ್ಕೆ ಗುಣಿಸುತ್ತೀರಿ?

ಎರಡು ಸಲ ಕಳೆಯುವ ಲೆಕ್ಕ

ಆ ಮೂರನೇ ಪ್ರಶ್ನೆಯಲ್ಲೇ ನಾವು ಸಿಕ್ಕಿಬಿದ್ದದ್ದು. ಲೆಕ್ಕ ಸುಲಭವಾಗಲಿ ಅಂತ 22 ಕ್ಯಾರೆಟ್ ಚಿನ್ನದ ದರ ಗ್ರಾಂಗೆ 10,000 ರೂಪಾಯಿ ಅಂತ ಇಟ್ಟುಕೊಳ್ಳೋಣ.

ಬಳೆ ಕರಗಿಸಿದ ಮೇಲೆ 22.100 ಗ್ರಾಂ, ಶುದ್ಧತೆ ಶೇ 88. ಅದರಲ್ಲಿರುವ ಅಪ್ಪಟ ಚಿನ್ನ 22.100 × 0.88, ಅಂದರೆ 19.448 ಗ್ರಾಂ. ಇದು 24 ಕ್ಯಾರೆಟ್ ಚಿನ್ನ. ಇದಕ್ಕೆ 24 ಕ್ಯಾರೆಟ್‌ನ ದರ ಕೊಡಬೇಕು. ಇಲ್ಲದಿದ್ದರೆ ಅದನ್ನು 22 ಕ್ಯಾರೆಟ್‌ಗೆ ಬದಲಿಸಿಕೊಳ್ಳಬೇಕು: 19.448 ÷ 0.916 ಅಂದರೆ 21.231 ಗ್ರಾಂ. 10,000ಕ್ಕೆ ಗುಣಿಸಿದರೆ 2,12,310 ರೂಪಾಯಿ. ಯಾವ ದಾರಿಯಲ್ಲಿ ಹೋದರೂ ಉತ್ತರ ಹೆಚ್ಚುಕಡಿಮೆ ಇದೇ.

ಹುಡುಗ ಕಾಗದದ ಮೇಲೆ ಬರೆದ ಲೆಕ್ಕ ಬೇರೆ ರೀತಿಯದ್ದು. ತೂಕವನ್ನು 88ಕ್ಕೆ ಗುಣಿಸಿದ, ಬಂದದ್ದನ್ನು 22 ಕ್ಯಾರೆಟ್ ದರಕ್ಕೆ ಗುಣಿಸಿದ. ನಮ್ಮ ಉದಾಹರಣೆಯ ತೂಕ ಮತ್ತು ದರದಲ್ಲಿ ಅದು 1,94,480. ಮೊದಲು ಬೇರೆ ಲೋಹವನ್ನೆಲ್ಲ ಕಳೆದು ಅಪ್ಪಟ ಚಿನ್ನ ಎಷ್ಟು ಅಂತ ಕಂಡುಹಿಡಿದ. ಆಮೇಲೆ ಆ ಅಪ್ಪಟ ಚಿನ್ನಕ್ಕೆ ತಾಮ್ರ ಬೆರೆತ ಚಿನ್ನದ ದರ ಕೊಟ್ಟ. ವ್ಯತ್ಯಾಸ 17,830 ರೂಪಾಯಿ.

ಅವನು ಬೇಕೆಂದೇ ಮಾಡಿದನೋ, ಅವನಿಗೆ ಹಾಗೇ ಹೇಳಿಕೊಟ್ಟಿದ್ದರೋ ನನಗೆ ಗೊತ್ತಿಲ್ಲ. ಆದರೆ ಕೇಳಲು ಈ ಲೆಕ್ಕ ಎಷ್ಟು ಸರಿಯಾಗಿದೆ ನೋಡಿ. "ನಿಮ್ಮದು 88 ಬಂದಿದೆ, ಅದಕ್ಕೆ 88 ಪರ್ಸೆಂಟ್ ಕೊಡ್ತೀವಿ." ಯಾರಾದರೂ ತಲೆ ಆಡಿಸುತ್ತಾರೆ. ಹಾಗಾಗಿ ಒಂದೇ ಮಾತು ನೆನಪಿಟ್ಟುಕೊಳ್ಳಿ: ಶುದ್ಧತೆಯ ಶೇಕಡಾ ಯಾವಾಗಲೂ 24 ಕ್ಯಾರೆಟ್ ದರದ ಜೊತೆ ಹೋಗಬೇಕು. ಹಿಂಗೆ ಪರೀಕ್ಷೆ ಮಾಡಿ ನೋಡಬಹುದು. ನಿಮ್ಮ ಚಿನ್ನ ಸರಿಯಾಗಿ 91.6 ಬಂದಿದ್ದರೆ, ಅವರ ಲೆಕ್ಕದಲ್ಲಿ ಪೂರ್ತಿ 22 ಕ್ಯಾರೆಟ್ ದರ ಸಿಗಬೇಕು. ಸಿಗದಿದ್ದರೆ ಲೆಕ್ಕದಲ್ಲೇ ತಪ್ಪಿದೆ.

ಇದರ ಮೇಲೆ ಕೆಲವು ಅಂಗಡಿಗಳು ಹೊರಗಿನ ಚಿನ್ನ ಅಂತ ಶೇ 2, 3 ಕಳೆಯುತ್ತವೆ. ತಮ್ಮದೇ ಅಂಗಡಿಯ ಒಡವೆ, ಬಿಲ್ ಸಮೇತ ತಂದರೆ ಕಳೆಯದೆ ಇರುವುದೂ ಉಂಟು. ದುಡ್ಡು ಬೇಕು ಅಂದರೆ ಕಡಿಮೆ, ಬದಲಿಗೆ ಒಡವೆ ತಗೊಂಡರೆ ಜಾಸ್ತಿ ಕೊಡುವುದು ಸಾಮಾನ್ಯ. ಒಡವೆ ಕೊಂಡರೆ ಅವರಿಗೆ ಮಜೂರಿಯಲ್ಲಿ ಸಂಪಾದನೆ ಇದೆಯಲ್ಲ, ಅದಕ್ಕೆ. ಇದರಲ್ಲಿ ತಪ್ಪೇನಿಲ್ಲ, ಮುಂಚೆಯೇ ಹೇಳಿದರೆ.

ಹೊಸ ಸರದ ಕಡೆಯ ಲೆಕ್ಕ

ಮೊಮ್ಮಗಳಿಗೆ 20 ಗ್ರಾಂ ಸರ ಅಂದುಕೊಳ್ಳೋಣ. ಚಿನ್ನದ ಬೆಲೆ 2,00,000. ಮಜೂರಿ ಶೇ 12, ಅಂದರೆ 24,000. ಒಟ್ಟು 2,24,000ದ ಮೇಲೆ ಶೇ 3 ಜಿಎಸ್‌ಟಿ, 6,720. ಸರದ ಬೆಲೆ 2,30,720. ಹಾಲ್‌ಮಾರ್ಕ್ ಶುಲ್ಕ ಒಂದು ಒಡವೆಗೆ 45 ರೂಪಾಯಿ ಮತ್ತು ಅದರ ತೆರಿಗೆ, ಅದನ್ನು ಸದ್ಯ ಬಿಡೋಣ. ಹಳೆಯದರ 2,12,310 ಕಳೆದರೆ ಮೇಲೆ ಕೊಡಬೇಕಾದ್ದು 18,410.

"22 ಗ್ರಾಂ ಕೊಟ್ಟು 20 ಗ್ರಾಂ ತಗೊಂಡು ಮತ್ತೆ 18 ಸಾವಿರ ಕೊಡೋದಾ?" ಅಮ್ಮನ ಪ್ರಶ್ನೆ ಇದೇ ಆಗಿತ್ತು. ಬಳೆ ಪೂರ್ತಿ 22 ಕ್ಯಾರೆಟ್ ಅಂತ ನಾವು ಮನಸ್ಸಿನಲ್ಲಿ 2,24,000 ಲೆಕ್ಕ ಹಾಕಿದ್ದೆವು. ಅದರಲ್ಲಿ 11,690 ರೂಪಾಯಿಯಷ್ಟು ಚಿನ್ನ ಬಳೆಯಲ್ಲಿ ಯಾವತ್ತೂ ಇರಲೇ ಇಲ್ಲ. ಅದು ಎಕ್ಸ್‌ಚೇಂಜ್‌ನಲ್ಲಿ ಹೋದದ್ದಲ್ಲ. ನಿಜವಾಗಿ ಹೋದದ್ದು ಮಜೂರಿ ಮತ್ತು ತೆರಿಗೆ, ಎರಡೂ ಸೇರಿ 30,720. ಹಳೆಯದನ್ನು ಹೊಸದಾಗಿ ಮಾಡಿಕೊಳ್ಳುವ ಖರ್ಚು ಅಂದರೆ ಇದು.

ಜಿಎಸ್‌ಟಿ ಬಗ್ಗೆ ತುಂಬಾ ಜನರಿಗೆ ಗೊಂದಲ ಇದೆ. ಮೇಲೆ ಕೊಡುವುದು 18 ಸಾವಿರ ಮಾತ್ರ, ಹಾಗಾದರೆ ತೆರಿಗೆ ಅದಕ್ಕೆ ಮಾತ್ರ ಅಲ್ವಾ ಅಂತ ಕೇಳುತ್ತಾರೆ. ಅಲ್ಲ. ನೀವು ಕೊಟ್ಟ ಹಳೆ ಚಿನ್ನವೂ ಹೊಸ ಸರದ ಬೆಲೆಯ ಒಂದು ಭಾಗವೇ. ನೋಟು ಕೊಟ್ಟಂತೆಯೇ ಅದು. ಹಾಗಾಗಿ ತೆರಿಗೆ ಸರದ ಪೂರ್ತಿ ಬೆಲೆಯ ಮೇಲೆ. ಆದರೆ ಮನೆಯ ಒಡವೆ ಮಾರುವ ನೀವು ವ್ಯಾಪಾರಿ ಅಲ್ಲ, ಆದ್ದರಿಂದ ನೀವು ಮಾರುವ ಕಡೆ ಜಿಎಸ್‌ಟಿ ಇಲ್ಲ. ಜಿಎಸ್‌ಟಿ ಬಂದ 2017ರ ಜುಲೈನಲ್ಲೇ ಸರ್ಕಾರ ಇದನ್ನು ಸ್ಪಷ್ಟಪಡಿಸಿತ್ತು. ಹಳೆ ಚಿನ್ನದ ಬೆಲೆಯಲ್ಲಿ ಯಾರಾದರೂ ಜಿಎಸ್‌ಟಿ ಅಂತ ಕಳೆದರೆ ಕೇಳಿ.

ಮಜೂರಿಯ ಜೊತೆ ವೇಸ್ಟೇಜ್ ಅಂತಲೂ ಹಾಕುತ್ತಾರೆ. ಅರ ಹಾಕಿ ಉಜ್ಜುವಾಗ, ಕತ್ತರಿಸುವಾಗ ಉದುರುವ ಪುಡಿಯ ಲೆಕ್ಕ ಅದು. ಕೈಕೆಲಸದ ಕಾಲದಲ್ಲಿ ಹುಟ್ಟಿದ ಪದ್ಧತಿ. ಆ ಪುಡಿಯೂ ಪೂರ್ತಿ ಹಾಳಾಗುವುದಿಲ್ಲ. ಅಕ್ಕಸಾಲಿಗರ ಬೀದಿಯ ಧೂಳು ಗುಡಿಸಿ, ತೊಳೆದು ಚಿನ್ನ ತೆಗೆದೇ ಬದುಕುವವರಿದ್ದಾರೆ. ಯಂತ್ರದಲ್ಲಿ ಮಾಡಿದ ಸರಕ್ಕೂ ಮಜೂರಿ ಬೇರೆ, ವೇಸ್ಟೇಜ್ ಬೇರೆ ಅಂತ ಹೇಳಿದರೆ ಎರಡನ್ನೂ ಕೂಡಿಸಿ ಒಂದೇ ಸಂಖ್ಯೆ ಹೇಳಿ ಅನ್ನಿ. ಚೌಕಾಸಿಗೆ ಜಾಗ ಇರುವುದು ಇಲ್ಲೇ. ಚಿನ್ನದ ದರದಲ್ಲಿ ಯಾರೂ ಇಳಿಸುವುದಿಲ್ಲ, ಮಜೂರಿಯಲ್ಲಿ ಇಳಿಸುತ್ತಾರೆ.

ದರ ಏರಿದಾಗ ಎಕ್ಸ್‌ಚೇಂಜ್ ಲಾಭವೇ?

"ಈಗ ಚಿನ್ನಕ್ಕೆ ಒಳ್ಳೆ ರೇಟಿದೆ, ಹಳೇದು ಹಾಕಿಬಿಡೋಣ" ಅನ್ನುವ ಮಾತು ಎಲ್ಲ ಮನೆಯಲ್ಲೂ ಕೇಳುತ್ತೇವೆ. ಮಾರಿ ದುಡ್ಡು ತಗೊಳ್ಳುವವರಿಗೆ ಅದು ಸರಿ. ಚಿನ್ನ ಕೊಟ್ಟು ಚಿನ್ನವನ್ನೇ ತಗೊಳ್ಳುವವರಿಗೆ ಅಲ್ಲ. ದರ ಎರಡೂ ಕಡೆ ಏರಿರುತ್ತದೆ.

ಮೇಲಿನ ಲೆಕ್ಕವನ್ನೇ ಗ್ರಾಂಗೆ 5,000 ಇದ್ದಾಗ ಮಾಡಿ ನೋಡಿ. ಹಳೆ ಬಳೆಗೆ 1,06,155. ಹೊಸ ಸರಕ್ಕೆ 1,15,360. ಮೇಲೆ ಕೊಡಬೇಕಾದ್ದು 9,205. ದರ ಎರಡು ಪಟ್ಟಾದಾಗ ನಿಮ್ಮ ಬಳೆಯ ಬೆಲೆ ಎರಡು ಪಟ್ಟಾಯಿತು, ಆದರೆ ಕೈಯಿಂದ ಹಾಕುವ ದುಡ್ಡೂ ಎರಡು ಪಟ್ಟಾಯಿತು. ಅದೇ ಬಳೆ, ಅದೇ ಸರ.

ಮಜೂರಿ ಶೇಕಡಾ ಲೆಕ್ಕದಲ್ಲಿರುವುದೇ ಇದಕ್ಕೆ ದೊಡ್ಡ ಕಾರಣ. ಸರ ಮಾಡುವವರ ಕೆಲಸ ಒಂದೇ, ಆದರೆ ಅದಕ್ಕೆ ನೀವು ಕೊಡುವುದು 12,000ದಿಂದ 24,000ಕ್ಕೆ ಹೋಯಿತು. ಆ ಹೆಚ್ಚಿನದ್ದು ಮಾಡಿದವರ ಕೈಗೆ ಹೋಗುತ್ತದೆ ಅಂತ ನನಗೆ ನಂಬಿಕೆ ಇಲ್ಲ. ಗ್ರಾಂಗೆ ಇಷ್ಟು ರೂಪಾಯಿ ಅಂತ ಮಜೂರಿ ಹೇಳುವ ಅಂಗಡಿ ಸಿಕ್ಕರೆ ದರ ಏರಿದ ಕಾಲದಲ್ಲಿ ಅದು ಒಳ್ಳೆಯದು.

ಹಾಲ್‌ಮಾರ್ಕ್ ನೋಡುವುದು ಹೇಗೆ

ಮುಂದೊಂದು ದಿನ ಈ ಹೊಸ ಸರವೂ ಹಳೆಯದಾಗಿ ಇದೇ ಮೇಜಿಗೆ ಬರುತ್ತದೆ. ಆಗ ನಿಮ್ಮ ಕೈ ಹಿಡಿಯುವುದು ಹಾಲ್‌ಮಾರ್ಕ್. ನಮ್ಮ ದೇಶದಲ್ಲಿ ಚಿನ್ನಕ್ಕೆ ಹಾಲ್‌ಮಾರ್ಕ್ ಶುರುವಾದದ್ದು 2000ದಲ್ಲಿ. 2021ರ ಜೂನ್‌ನಿಂದ ಹಂತ ಹಂತವಾಗಿ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಪ್ರತಿ ಒಡವೆಗೂ ಬೇರೆ ಸಂಖ್ಯೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಬಗೆಯ ಒಡವೆ, ಎಷ್ಟು ಶುದ್ಧತೆ, ಎಲ್ಲಿ ಪರೀಕ್ಷೆ ಆಯಿತು ಅಂತ ಬರುತ್ತದೆ. ನಿಮ್ಮ ಕೈಯಲ್ಲಿ ಸರ ಇದ್ದು ಆ್ಯಪ್‌ನಲ್ಲಿ ಉಂಗುರ ಅಂತ ಬಂದರೆ ಅಲ್ಲೇ ನಿಲ್ಲಿಸಿ. ಹಾಲ್‌ಮಾರ್ಕ್ ಹೇಳಿದ್ದಕ್ಕಿಂತ ಶುದ್ಧತೆ ಕಡಿಮೆ ಬಂದರೆ, ಕಡಿಮೆಯಾದ ಮೊತ್ತದ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚು ಪರಿಹಾರವಾಗಿ ಕೇಳಲು ನಿಮಗೆ ಹಕ್ಕಿದೆ. 2018ರ ಬಿಐಎಸ್ ನಿಯಮಗಳಲ್ಲೇ ಇದೆ.

ಹಾಲ್‌ಮಾರ್ಕ್ ಇಲ್ಲದ ಹಳೆ ಚಿನ್ನವನ್ನು ಅಂಗಡಿಯವರು ತಗೊಳ್ಳಬಹುದು, ಅದಕ್ಕೆ ಅಡ್ಡಿಯಿಲ್ಲ. "ಹಾಲ್‌ಮಾರ್ಕ್ ಇಲ್ಲ, ಹಾಗಾಗಿ ಬೆಲೆ ಬರಲ್ಲ" ಅಂತ ಹೆದರಿಸಿದರೆ ಹೆದರಬೇಡಿ. ಬಿಐಎಸ್ ಮಾನ್ಯತೆ ಇರುವ ಪರೀಕ್ಷಾ ಕೇಂದ್ರಕ್ಕೆ ಒಡವೆ ತಗೊಂಡು ಹೋಗಿ, ಶುಲ್ಕ ಕಟ್ಟಿ ನೀವೇ ಪರೀಕ್ಷೆ ಮಾಡಿಸಬಹುದು. ಅಂಗಡಿಗೆ ಹೋಗುವ ಮುಂಚೆ ನಿಮ್ಮ ಕೈಯಲ್ಲೇ ಒಂದು ವರದಿ ಇರುತ್ತದೆ.

ತೆರಿಗೆ, ಸ್ವಲ್ಪದರಲ್ಲಿ

ಆದಾಯ ತೆರಿಗೆಯ ಕಣ್ಣಿನಲ್ಲಿ ಎಕ್ಸ್‌ಚೇಂಜ್ ಕೂಡ ಮಾರಾಟವೇ. ಕೈಗೆ ದುಡ್ಡು ಬರದಿದ್ದರೂ ಲಾಭ ಬಂದಂತೆ ಲೆಕ್ಕ. ಎರಡು ವರ್ಷಕ್ಕಿಂತ ಹಳೆಯ ಒಡವೆಯಾದರೆ, 2024ರ ಜುಲೈ 23ರಿಂದ ಬಂದ ನಿಯಮದಂತೆ ಲಾಭದ ಮೇಲೆ ಶೇ 12.5. 2001ರ ಏಪ್ರಿಲ್ 1ಕ್ಕಿಂತ ಮುಂಚಿನ ಒಡವೆಗೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆ ಅಂತ ಹಿಡಿಯಬಹುದು. ಆಗ 10 ಗ್ರಾಂ ಚಿನ್ನ ಐದು ಸಾವಿರದೊಳಗಿತ್ತು, ಹಾಗಾಗಿ ಇವತ್ತಿನ ಬೆಲೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಲಾಭವೇ ಆಗುತ್ತದೆ. ಬೇರೆ ಆದಾಯ ಕಡಿಮೆ ಇರುವವರಿಗೆ ತೆರಿಗೆ ಬಾರದೆಯೂ ಇರಬಹುದು. ದೊಡ್ಡ ಮೊತ್ತವಾದರೆ ಆಡಿಟರ್ ಹತ್ತಿರ ಒಂದು ಮಾತು ಕೇಳಿ.

ಮಾರದೆ ಇರುವ ದಾರಿ

ಅಂಗಡಿಯೊಂದೇ ದಾರಿ ಅಲ್ಲ. ನಂಬಿಕೆಯ ಅಕ್ಕಸಾಲಿಗರಿದ್ದರೆ ನಿಮ್ಮ ಚಿನ್ನವನ್ನೇ ಕೊಟ್ಟು ಹೊಸ ಒಡವೆ ಮಾಡಿಸಿಕೊಳ್ಳಬಹುದು. ಅಲ್ಲಿ ಚಿನ್ನ ಮಾರಾಟ ಆಗುವುದೇ ಇಲ್ಲ, ನಿಮ್ಮದಾಗಿಯೇ ಉಳಿಯುತ್ತದೆ. ಕೊಡುವುದು ಮಜೂರಿ. ಜಿಎಸ್‌ಟಿ ನೋಂದಣಿ ಇದ್ದವರಾದರೆ ಆ ಮಜೂರಿಯ ಮೇಲೆ ಮಾತ್ರ ತೆರಿಗೆ. ನಮ್ಮ ಉದಾಹರಣೆಯಲ್ಲಿ ಮಜೂರಿ 24,000ವೇ ಆದರೂ ತೆರಿಗೆ ಅಂಗಡಿಯ 6,720ಕ್ಕಿಂತ ಕಡಿಮೆ. ಕಷ್ಟ ಇರುವುದು ಶುದ್ಧತೆಯಲ್ಲಿ. 88ರ ಚಿನ್ನ 22 ಕ್ಯಾರೆಟ್ ಆಗಬೇಕಾದರೆ ಅದನ್ನು ಶುದ್ಧ ಮಾಡಿಸಬೇಕು, ಇಲ್ಲವೇ ಅಪ್ಪಟ ಚಿನ್ನ ಸೇರಿಸಬೇಕು. ಮಾಡಿಸಿದ ಮೇಲೆ ಪರೀಕ್ಷೆ ಮಾಡಿಸುವುದನ್ನೂ ಮರೆಯಬಾರದು.

ಇನ್ನು ಕೆಲವನ್ನು ಕರಗಿಸಲೇಬಾರದು ಅಂತ ನನ್ನ ಅಭಿಪ್ರಾಯ. ಕೈಯಲ್ಲೇ ಕೆತ್ತಿದ ಹಳೆ ಲಕ್ಷ್ಮಿ ಕಾಸಿನ ಸರ, ಕೆಂಪು ಕೂರಿಸಿದ ಅಡ್ಡಿಕೆ, ನಾಗರ ಜಡೆಬಿಲ್ಲೆ, ಇವನ್ನು ತಕ್ಕಡಿಗೆ ಇಟ್ಟರೆ ಬರಿಯ ಲೋಹದ ಬೆಲೆ ಬರುತ್ತದೆ. ಕೆಲಸಕ್ಕೆ ಒಂದು ಪೈಸೆಯೂ ಇಲ್ಲ. ಅದೇ ಕೆಲಸವನ್ನು ಇವತ್ತು ಮಾಡಿಸಲು ಹೋದರೆ ಮಜೂರಿ ಎಷ್ಟಾಗುತ್ತದೆ ಕೇಳಿ ನೋಡಿ. ತಿರುಪು ಹಾಕಿಸಿ, ಕಿತ್ತ ಬೆಸುಗೆ ಸರಿ ಮಾಡಿಸಿ, ಪಾಲಿಶ್ ಕೊಟ್ಟರೆ ಎಷ್ಟೋ ಒಡವೆ ಮತ್ತೆ ಹಾಕಿಕೊಳ್ಳುವಂತಾಗುತ್ತದೆ.

ನಮ್ಮ ಬಳೆಗಳಲ್ಲಿ ಅಂಥ ಕೆಲಸ ಇರಲಿಲ್ಲ. ಅಮ್ಮನೂ ಗಟ್ಟಿ ಮನಸ್ಸು ಮಾಡಿದ್ದರು. ಎರಡನೇ ಅಂಗಡಿಯಲ್ಲಿ ಲೆಕ್ಕವನ್ನು ಮೊದಲೇ ಕೇಳಿಕೊಂಡೆವು. 24 ಕ್ಯಾರೆಟ್ ದರಕ್ಕೆ ಗುಣಿಸುತ್ತೇವೆ, ಬೇರೇನೂ ಕಳೆಯುವುದಿಲ್ಲ ಅಂದರು. ಆಮೇಲೆ ಒಳಗೆ ಕರೆದುಕೊಂಡು ಹೋದರು. ಅಮ್ಮ ಕುಲುಮೆಯ ಪಕ್ಕ ಸೆರಗು ಬಿಗಿದುಕೊಂಡು ನಿಂತರು. ಬಳೆ ಮೊದಲು ಕೆಂಪಾಯಿತು, ಒಂದು ಕಡೆ ಕುಸಿಯಿತು, ಆಮೇಲೆ ಒಮ್ಮೆಗೇ ನೀರಾಯಿತು. ತಣ್ಣಗಾದ ಗಟ್ಟಿಯನ್ನು ಅಮ್ಮನ ಅಂಗೈಗೆ ಇಟ್ಟರು. ದೊಡ್ಡ ಹುಣಿಸೆ ಬೀಜದಷ್ಟಿತ್ತು. ಅಮ್ಮ ಅದನ್ನು ಒಮ್ಮೆ ಕಣ್ಣಿಗೊತ್ತಿಕೊಂಡು ತಕ್ಕಡಿಯ ಮೇಲೆ ಇಟ್ಟರು.

ಸರ ಈಗ ಮೊಮ್ಮಗಳ ಕೊರಳಲ್ಲಿದೆ. ಅದರ ಬಿಲ್ಲು, ಬಳೆಯ ಶುದ್ಧತೆಯ ಚೀಟಿ ಎರಡನ್ನೂ ಅಮ್ಮ ಆ ಹಳೆ ಗುಲಾಬಿ ಕಾಗದದಲ್ಲೇ ಸುತ್ತಿ ಬೀರುವಿನಲ್ಲಿ ಇಟ್ಟಿದ್ದಾರೆ.